ಬೆಂಚಿನ ಮೇಲೆ ಮಣೆ

"ಪುಢೇ ಬಂದ್, ಆಜಿ," ಮುಂದೆ ಗಾಡಿ ಹೋಗುವುದಿಲ್ಲ ಎಂದು ರಿಕ್ಷಾದವನು ಕಬ್ಬಿಣದ ಕಂಬಗಳ ಮುಂದೆ ಗಾಡಿ ನಿಲ್ಲಿಸಿದ. ನಮ್ಮತ್ತೆ ಇಳಿಯಲಿಲ್ಲ. ಕಂಬಗಳನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿ, "ಈ ಓಣ್ಯಾಗ ನಾ ಮದುವಿಯಾಗಿ ಬಂದಾಗ ಟಾಂಗಾ ಬಾಗಲ ತನಕಾ ಬರ್ತಿತ್ತು. ಈಗ ಭಾಳ ಸುಧಾರಣಾ ಆಗೇದ," ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಧಾಟಿ ತಿಳಿಯಿತು. ನಕ್ಕ.

ನಮ್ಮತ್ತೆ ಎಂದರೆ ನನ್ನಪ್ಪನ ಅಕ್ಕ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಕಲಿತದ್ದು ಈಕೆಯ ಬಾಯಿಂದ, ಬೈಗುಳ ಮೊದಲು, ಅಕ್ಷರ ಆಮೇಲೆ. ಅತ್ತೆ-ಮಾವ ಈಗ ಊರಂಚಿನ ಕಾತ್ರಜದಲ್ಲಿ ನಮ್ಮ ಜೊತೆಗಿದ್ದಾರೆ. ಅದಕ್ಕೂ ಮುಂಚೆ ಆಕೆಯ ಸಂಸಾರವೆಲ್ಲ ನಡೆದದ್ದು ಪುಣೆಯ ಹಳೇ ಪೇಟೆಯ ಇದೇ ಓಣಿಯಲ್ಲಿ. ಅವರಿದ್ದ ವಾಡೆ, ಹಲವು ಸಂಸಾರಗಳ ಹಳೇ ತೊಟ್ಟಿಮನೆ, ಬಿದ್ದು ಎಷ್ಟೋ ಕಾಲವಾಯಿತು. ಈಗ ಓಣಿಯ ಡಾಂಬರನ್ನೂ ಕಿತ್ತು ಕಲ್ಲು ಹಾಸಿದ್ದಾರೆ. ಗಾಡಿಗಳಿಲ್ಲ. ಗಿಡದ ತೊಟ್ಟಿಗಳು, ಹಳೇ ಮಾದರಿಯ ದೀಪಗಳು, ಗ್ರಾನೈಟಿನ ಬೆಂಚುಗಳು ಬಂದಿವೆ. ವಾಡೆಗಳ ಬಾಗಿಲು ನೋಡಲು ಪ್ರವಾಸಿಗಳು ಗುಂಪುಗುಂಪಾಗಿ ಬರುತ್ತಾರೆ. ಇದೆಲ್ಲ ಆದಾಗ ನಾನು ಖುಷಿಪಟ್ಟವಳೇ. ಆದರೆ ಆವತ್ತು ಆ ಕಂಬಗಳ ಈಚೆ ನಿಂತು ಕಣ್ಣಲ್ಲೇ ಓಣಿಯ ಉದ್ದ ಅಳೆದೆ. ಅತ್ತೆಯ ಮೊಣಕಾಲು ಒಂದು ಕಡೆ, ಆಕೆ ಮಾಡಹೊರಟ ಕೆಲಸ ಇನ್ನೊಂದು ಕಡೆ.

ಓಣಿಯ ನಡುಮಧ್ಯದ ಮನೆಯಲ್ಲಿ ಅತ್ತೆಯ ಹಳೇ ಗೆಳತಿ ಇದ್ದಳು. ಬರುವ ರವಿವಾರ ಆಕೆ ಬೆಳಗಾವಿಗೆ, ಮಗಳ ಮನೆಗೆ ಹೊರಟಿದ್ದಳು. ಇನ್ನು ತಿರುಗಿ ಬರುವವಳಲ್ಲ. ನಮ್ಮ ಕಡೆ ಹೀಗೆ ಊರಿಗೆ ಹೊರಟ ಹೆಣ್ಣುಮಗಳನ್ನು ಮಣೆಯ ಮೇಲೆ ಕೂಡಿಸಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸುತ್ತಾರೆ. ಗಂಡನಿಲ್ಲದವಳಿಗೆ ಮಾತ್ರ ಅದಿಲ್ಲ. ಗೆಳತಿಯ ಗಂಡ ಸಣ್ಣ ವಯಸ್ಸಿನಲ್ಲೇ ಹೋಗಿದ್ದ. ವಾಡೆಯಲ್ಲಿ ಶ್ರಾವಣ ಶುಕ್ರವಾರ ಎಲ್ಲರ ಉಡಿ ತುಂಬುವಾಗ ಆಕೆ ಒಳಗೆ ಕೂತು ಕಾಯಿ ಸುಲಿದು ಕೊಡುತ್ತಿದ್ದಳಂತೆ. ಆ ಕಾಯಿ ಸುಲಿಯುವ ಸದ್ದು ತನಗಿನ್ನೂ ಕೇಳಿಸುತ್ತದೆ ಎಂದು ಅತ್ತೆ ಒಮ್ಮೆ ಹೇಳಿದ್ದಳು.

ಹಿಂದಿನ ವಾರ ಅತ್ತೆ ಆ ಮನೆಗೆ ಫೋನು ಮಾಡಿ ತನ್ನ ಆಸೆ ಹೇಳಿದಳು. ಎತ್ತಿದ್ದು ಗೆಳತಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಮನೆಯ ಯಜಮಾನಿ. "ಊಟಕ್ಕ ಬರ್ರಿ, ಚಹಾಕ್ಕ ಬರ್ರಿ. ಅಂಥಾವೆಲ್ಲ ನಮ್ಮ ಮನ್ಯಾಗ ಬ್ಯಾಡ್ರಿ," ಎಂದು ಇಟ್ಟುಬಿಟ್ಟಳು. ಅತ್ತೆ ಆ ದಿನವೆಲ್ಲ ಕೂತಲ್ಲಿ ಕೂಡಲಿಲ್ಲ. ಸಂಜೆ ಹೊತ್ತಿಗೆ ಅಡುಗೆಮನೆಯಿಂದ ಮಣೆ ತೆಗೆದು ಒರೆಸತೊಡಗಿದಳು.

"ಎಲ್ಲಿ ತುಂಬ್ತೀ ಅತ್ತಿ?" ಎಂದೆ.

"ಆಕೀ ಮನ್ಯಾಗ ಬ್ಯಾಡಂದ್ಲು. ಓಣ್ಯಾಗ ಬ್ಯಾಡ ಅಂದಿಲ್ಲಲ್ಲ."

ಹಾಗೆ ನಾವು ಬಂದದ್ದು. ನನ್ನ ಹೆಗಲ ಚೀಲದಿಂದ ಮಣೆಯ ಒಂದು ತುದಿ ಹೊರಗೆ ಇಣುಕುತ್ತಿತ್ತು. ಅತ್ತೆ ನನ್ನ ತೋಳು ಹಿಡಿದು ನಡೆದಳು, ಮೊದಲ ಬೆಂಚಿಗೆ ಬಂದು ಕೂತಳು. ಏಳಲಾಗಲಿಲ್ಲ. ಬೆಂಚು ತೀರ ತಗ್ಗು. ಅದರ ಅಂದ ನೋಡಿದವರು ಮೊಣಕಾಲು ನೋಡಿರಲಿಲ್ಲ. ಬೆನ್ನಿಗೂ ಏನಿಲ್ಲ, ಕೈಗೂ ಏನಿಲ್ಲ. ನಾನು ಎಳೆದೆ. ಯಾರೋ ಕಾಲೇಜು ಹುಡುಗಿ ಬಂದು ಇನ್ನೊಂದು ರಟ್ಟೆ ಹಿಡಿದಳು. ಎದ್ದ ಮೇಲೆ ಅತ್ತೆ ದಮ್ಮು ಹತ್ತಿ ನಿಂತು ಆ ಬೆಂಚನ್ನೇ ನೋಡಿದಳು.

"ಮಣಿ ತೆಗಿ."

"ಇಲ್ಲೇನ? ಇನ್ನೂ ಆಕೀ ಮನಿ ದೂರ ಅದ."

"ಉಡೀಗಲ್ಲ ಹುಚ್ಚಿ, ನನಗ."

ಎರಡನೇ ಬೆಂಚಿನ ಮೇಲೆ ಮಣೆ ಹಾಕಿದೆ. ಮಣೆಯ ಕಾಲುಗಳಷ್ಟು ಎತ್ತರ ಬಂತು. ಅತ್ತೆ ಕೂತಳು, ಎದ್ದಳು. ಮತ್ತೊಮ್ಮೆ ಕೂತು ಎದ್ದು ನೋಡಿದಳು, ಹೊಸ ಚಪ್ಪಲಿ ಹಾಕಿ ನೋಡುವವರ ಹಾಗೆ. ಆಮೇಲೆ ಬೆಂಚಿನಿಂದ ಬೆಂಚಿಗೆ ನಮ್ಮ ಮೆರವಣಿಗೆ. ಮಣೆ ಹಾಕುವುದು, ಕೂಡುವುದು, ಏಳುವುದು, ಮಣೆ ಎತ್ತುವುದು. ನೀಲಿ ಅಂಗಿಯ ಕಾವಲುಗಾರ ಸೀಟಿ ಊದಿಕೊಂಡು ಬಂದ.

"ಆಜಿ, ಹಾ ಪಾಟ ಕಶಾಲಾ?" ಈ ಮಣೆ ಯಾಕೆ ಎಂದು ಕೇಳಿದ.

ಅತ್ತೆ ಮರಾಠಿಯಲ್ಲೇ, "ನಿನ್ನ ಬೆಂಚಿಗೆ ಕಾಲು ಕುಳ್ಳ ಅದಾವು, ಅದಕ್ಕ ಮೆಟ್ಟು ಹಚ್ಚೀನಿ," ಎಂದಳು. ಅವನು ಸೀಟಿಯನ್ನು ಜೇಬಿಗೆ ಹಾಕಿದ. ತನ್ನ ತಾಯಿಯ ಮೊಣಕಾಲಿಗೂ ಇದೇ ಕಥೆ ಎಂದ. ಹೋಗಿಬಿಟ್ಟ.

ಗೆಳತಿ ತನ್ನ ಮನೆಯ ಕೆಳಗಿನ ಬಾಗಿಲಲ್ಲಿ ನಿಂತಿದ್ದಳು. ಗೋಡೆ ಹಿಡಿದುಕೊಂಡು ಮಹಡಿಯಿಂದ ಇಳಿದು ಬಂದಿದ್ದಳು, ನಾವು ಬರುವ ಸುದ್ದಿ ತಿಳಿದು, ಸುಮ್ಮನೆ ಕೊನೇ ಭೆಟ್ಟಿ ಎಂದುಕೊಂಡು. ಎದುರಿಗೇ ಒಂದು ಬೆಂಚು. ನಾನು ಮಣೆ ಹಾಕಿದೆ. "ಕೂಡು," ಎಂದಳು ಅತ್ತೆ. ಆಕೆ ಕೂತಳು. ಆಗ ನಾನು ತಲೆ ಎತ್ತಿ ನೋಡಿದೆ. ಮಹಡಿಯ ಕಿಟಕಿ ತೆರೆದಿತ್ತು.

ಅತ್ತೆ ಚೀಲದಿಂದ ಅಕ್ಕಿಯ ಡಬ್ಬಿ ತೆಗೆದಳು. ಅರಿಶಿನ ಕೊಂಬು, ಉತ್ತತ್ತಿ, ಎಲೆ-ಅಡಿಕೆ, ಬೆಲ್ಲದಚ್ಚು, ಗುಳೇದಗುಡ್ಡದ ಖಣ. ತೆಂಗಿನಕಾಯಿ ಹೊರಬಂದಾಗ ಗೆಳತಿಗೆ ಅರ್ಥವಾಯಿತು. ಏಳಲು ನೋಡಿದಳು, ಅತ್ತೆ ಆಕೆಯ ಭುಜದ ಮೇಲೆ ಕೈಯಿಟ್ಟಳು.

"ಬ್ಯಾಡ್ರಿ ವೈನಿ. ನನಗ್ಯಾತಕ್ಕ? ಮಂದಿ ಏನಂದಾರು?"

"ಯಾವ ಮಂದಿ? ನಿನ್ನ ಮನಿ ಅಲ್ಲ, ನನ್ನ ಮನಿ ಅಲ್ಲ. ಸರಕಾರಿ ಬೆಂಚು. ಇಲ್ಲೆ ಯಾರ ಪದ್ಧತಿ ನಡೀತದ?"

"ಮ್ಯಾಲೆ ಅಕ್ಕಾ ಅವರು ನೋಡ್ಲಿಕ್ಹತ್ಯಾರ."

"ನೋಡ್ಲಿ. ಅದಕ್ಕಽ ದೀಪಾ ಹಚ್ಯಾರ." ಅಷ್ಟೊತ್ತಿಗೆ ಓಣಿಯ ದೀಪಗಳು ಹತ್ತಿಕೊಂಡಿದ್ದವು.

ಅಷ್ಟರಲ್ಲಿ ಪ್ರವಾಸಿಗಳ ಗುಂಪೊಂದು ಬಂದು ನಮ್ಮ ಸುತ್ತ ನಿಂತಿತು. ಫೋನುಗಳು ಮೇಲೆದ್ದವು. ಒಬ್ಬ ಗಂಡಸು ತಮ್ಮ ಗೈಡನ್ನು, "ಯೇ ರೋಜ್ ಹೋತಾ ಹೈ ಕ್ಯಾ?" ಎಂದು ಕೇಳಿದ, ದಿನಾ ನಡೆಯುವ ಸಂಜೆಯ ಕಾರ್ಯಕ್ರಮ ಎಂದುಕೊಂಡು. ಗೈಡು ಬಾಯಿ ತೆರೆಯುವ ಮೊದಲೇ ಅತ್ತೆ ತಿರುಗಿ ನೋಡದೆ ಹಿಂದಿಯಲ್ಲಿ ಹೇಳಿದಳು: "ನಹೀಂ. ಪೆಹಲೀ ಬಾರ್." ಇದೇ ಮೊದಲ ಸಲ ಎಂಬ ಆ ಮಾತಿಗೆ ಗೆಳತಿಯ ಮುಖ ಕುಸಿಯಿತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಸೆರಗಿನ ಎರಡು ತುದಿ ಹಿಡಿದು ಮುಂದೆ ಚಾಚಿದಳು.

ಅಕ್ಕಿ ಬೀಳುವ ಸದ್ದು ಅಷ್ಟು ಗದ್ದಲದಲ್ಲೂ ಕೇಳಿಸಿತು. ನಾನು ಕಿಟಕಿ ನೋಡುವುದನ್ನು ಬಿಡಲಾರದೆ ಹೋದೆ. ಅಲ್ಲಿ ಬಿಳಿ ಕೂದಲ ತಲೆಯೊಂದು ಅಲುಗಾಡದೆ ನಿಂತಿತ್ತು. ಅತ್ತೆ ಕುಂಕುಮದ ಬಟ್ಟಲು ತೆಗೆದು ಕೈಯಲ್ಲಿ ಹಿಡಿದೇ ಇದ್ದಳು; ಗೆಳತಿ ಕಣ್ಣು ಮುಚ್ಚಿದಳು. ಅತ್ತೆ ಹಚ್ಚಿದಳು. ನಾನು ಮತ್ತೆ ಮೇಲೆ ನೋಡುವಷ್ಟರಲ್ಲಿ ಕಿಟಕಿಯಲ್ಲಿ ಯಾರೂ ಇರಲಿಲ್ಲ.

"ನೀ ಆಕೀನ್ನ ಮ್ಯಾಲೆ ಬಿಟ್ಟು ಬಾ," ಎಂದಳು ಅತ್ತೆ. ಈಗ ಆಕೆಯ ದನಿಯಲ್ಲೂ ಧೈರ್ಯ ಕಡಿಮೆಯಾಗಿತ್ತು. ಓಣಿಯಲ್ಲಿ ಯಾರ ಪದ್ಧತಿಯೂ ನಡೆಯುವುದಿಲ್ಲ, ನಿಜ. ಆದರೆ ಉಡಿ ತುಂಬಿಸಿಕೊಂಡವಳು ಆ ಮೆಟ್ಟಿಲು ಹತ್ತಿ ಅದೇ ಮನೆಗೆ ಹೋಗಬೇಕಿತ್ತು. ಇನ್ನೂ ರವಿವಾರದ ತನಕ ಅಲ್ಲೇ ಇರಬೇಕಿತ್ತು.

ಕತ್ತಲ ಮೆಟ್ಟಿಲಲ್ಲಿ ಗೆಳತಿ ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ನನ್ನ ಭುಜ ಹಿಡಿದು ಹತ್ತಿದಳು. ನಡುವೆ ನಿಂತು, "ಚೀಲದಾಗ ಹಾಕಿಬಿಡಲೇನವಾ?" ಎಂದು ಕೇಳಿದಳು. ಮರುಕ್ಷಣ ಆಕೆಯೇ ತಲೆ ಅಲ್ಲಾಡಿಸಿ ಮತ್ತೆ ಹತ್ತಿದಳು.

ನೆಗೆಣ್ಣಿ ಬಾಗಿಲು ತೆರೆದುಕೊಂಡೇ ನಿಂತಿದ್ದಳು. ಹಣೆ ನೋಡಿದಳು. ತುಂಬಿದ ಸೆರಗು ನೋಡಿದಳು. ನನ್ನ ಕಡೆ ನೋಡಲೇ ಇಲ್ಲ. ಹೊಸ್ತಿಲ ಹೊರಗೆ ಗೆಳತಿ ತಲೆ ತಗ್ಗಿಸಿ ನಿಂತಳು. ಒಳಗೆ ಟಿವಿಯಲ್ಲಿ ಯಾರೋ ನಗುತ್ತಿದ್ದರು.

"ಉಡಿ ಹಿಡಕೊಂಡು ಹೊಸ್ತಿಲದಾಗ ನಿಲ್ತಾರೇನ?" ಎಂದಳು ನೆಗೆಣ್ಣಿ, ಒಣ ದನಿಯಲ್ಲಿ. "ದೇವರ ಮುಂದ ಇಟ್ಟು ಬಾ." ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಗೆಳತಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು, ನನಗೆ ಚಹಾ ಕೇಳಲಿಲ್ಲ.

ಕೆಳಗೆ ಅತ್ತೆ ಮಣೆಯ ಮೇಲೆ ಕೂತಿದ್ದಳು, ಖಾಲಿ ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ. "ಏನಂದ್ಲು?" ಎಂದಳು. ಹೇಳಿದೆ. ಮತ್ತೊಮ್ಮೆ ಹೇಳಿಸಿದಳು. ಯಾವ ಮುಖ ಮಾಡಿಕೊಂಡು ಅಂದಳು ಎಂದು ಕೇಳಿದಳು. ರಿಕ್ಷಾ ಹತ್ತುವ ತನಕ ಬೇರೆ ಮಾತಿಲ್ಲ.

ಗೆಳತಿ ಬೆಳಗಾವಿ ಮುಟ್ಟಿದ ಸುದ್ದಿ ಬಂತು. ಆ ಅಕ್ಕಿಯ ಪಾಯಸ ಮಾಡಿದಳಂತೆ, ಮಗಳು, ಮೊಮ್ಮಕ್ಕಳು ಉಂಡರಂತೆ. ಇನ್ನು ಅತ್ತೆ ನೆಮ್ಮದಿಯಾಗಿ ಕೂಡುತ್ತಾಳೆ ಎಂದುಕೊಂಡೆ. ಮುಂದಿನ ಶುಕ್ರವಾರ ಮಧ್ಯಾಹ್ನವೇ ಇಳಕಲ್ ಸೀರೆ ಉಟ್ಟು ಬಾಗಿಲಿಗೂ ಕಿಟಕಿಗೂ ಓಡಾಡತೊಡಗಿದಳು.

"ಎಲ್ಲಿಗೆ ಅತ್ತಿ? ಆಕಿ ಅಲ್ಲಿ ಇಲ್ಲಲ್ಲ."

"ಆಕೀ ನೆಗೆಣ್ಣಿ ಇದ್ದಾಳಲ್ಲ. ಅಷ್ಟು ದೊಡ್ಡ ಮನ್ಯಾಗ ಮಾತಾಡಾಕ ಯಾರದಾರ ಆಕೀಗೆ? ಇಳಿದು ಬರ್ತಾಳೋ ಇಲ್ಲೋ, ಅದು ಆಕೀಗೆ ಬಿಟ್ಟದ್ದು. ನಾವು ಬೆಂಚಿನ ಮ್ಯಾಲೆ ಕೂತಿರೋಣು." ಚಪ್ಪಲಿಗೆ ಕಾಲು ತೂರಿಸುತ್ತ ನನ್ನ ಕಡೆ ತಿರುಗಿದಳು. "ಎರಡು ಮಣಿ ತಗೋ. ಆಕೀಗೂ ಮೊಣಕಾಲು ನೋವು ಅದ."