ಹೊಗೆಗೂಡು ಹೂಂಗುಟ್ಟಿದ ವರ್ಷ

ಪಿರಿಯಾಪಟ್ಟಣದ ನಮ್ಮ ತವರುಮನೆಯ ಬಚ್ಚಲಿಗೆ ಇಟ್ಟಿಗೆಯ ಹೊಗೆಗೂಡಿತ್ತು. ಬೀದಿಯ ಬೇರೆ ಮನೆಗಳಲ್ಲಿ ಹೊಗೆ ಹೆಂಚಿನ ಸಂದಿಯಲ್ಲಿ ಸಿಕ್ಕ ಕಡೆ ನುಸುಳಿಕೊಂಡು ಹೋಗುತ್ತಿತ್ತು. ನಮ್ಮ ಮನೆಯ ಹೊಗೆಗೆ ಮಾತ್ರ ರಾಜಬೀದಿ. ಅಪ್ಪ ಕೊಡಗಿನಿಂದ ಹುಣಸೂರಿನ ಕಾಫಿ ಕಾರ್ಖಾನೆಗೆ ಗಾಡಿ ಹೊಡೆಸುತ್ತಿದ್ದರು. ಯಾವುದೋ ತೋಟದ ಸಾಹೇಬರ ಬಂಗಲೆಯಲ್ಲಿ ಅಂಥದ್ದನ್ನು ಕಂಡು ಬಂದು, ನೀರು ಕಾಯಿಸುವ ಹಂಡೆಯ ಒಲೆಗೆ ಕಟ್ಟಿಸಿದ್ದರು. ಕಟ್ಟಿಸಿದ ಜಂಬ ಅಪ್ಪನದು, ಅದರ ಮಸಿ ತೆಗೆಯುವ ಕರ್ಮ ಹೆಂಗಸರದು.

ಆ ಮಸಿಗೆ ಅಪ್ಪನ ತಾಯಿ, ನಮ್ಮಜ್ಜಿ, ಒಂದು ಕಟ್ಟಳೆ ಮಾಡಿದ್ದರು. ಯುಗಾದಿಗೊಂದು ಸಲ, ಮಾರ್ನಾಮಿಗೊಂದು ಸಲ ಮನೆಯ ಜೇಡರಬಲೆ, ಇಲ್ಲಣ ಹೊಡೆಯುವಾಗ ಹೊಗೆಗೂಡಿಗೂ ಮುಳ್ಳು ಇಳಿಸಬೇಕು. ಸೀಗೆಮುಳ್ಳಿನ ಕಟ್ಟನ್ನು ಹಗ್ಗದ ನಡುವೆ ಬಿಗಿದು, ಒಬ್ಬರು ಮಾಡಿನ ಮೇಲಿಂದ, ಇನ್ನೊಬ್ಬರು ಒಲೆಯ ಬಾಯಿಂದ ಎಳೆದಾಡಿದರೆ ಮಸಿ ಸುಲಿದು ಬೀಳುತ್ತಿತ್ತು. ಮನೆಯಲ್ಲಿ ಬಾಣಂತಿ ಇದ್ದರೆ ಒಲೆ ಆರುವುದೇ ಇಲ್ಲವಲ್ಲ, ಆಗ ತಿಂಗಳಿಗೊಂದು ಸಲ ಇಳಿಸಬೇಕು.

ಒಂದು ವರ್ಷ ಅಜ್ಜಿ ಮಾರ್ನಾಮಿಗೆ ಮುಂಚೆಯೇ ತೀರಿಕೊಂಡರು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಹಬ್ಬವಿಲ್ಲ ಎಂದಮೇಲೆ ಸುಣ್ಣವಿಲ್ಲ, ಇಲ್ಲಣ ಹೊಡೆಯುವಂತಿಲ್ಲ. ಹೊಗೆಗೂಡಿನ ಮುಳ್ಳೂ ಹಬ್ಬದ ಜೊತೆಯಲ್ಲೇ ಮೂಲೆ ಸೇರಿತು. ಒಲೆಗೆ ಮಾತ್ರ ಯಾವ ಸೂತಕವೂ ಇರಲಿಲ್ಲ, ಅದು ದಿನವೂ ಉರಿಯಿತು. ಮಾರ್ನಾಮಿ ಹೋಯಿತು, ಯುಗಾದಿಯೂ ಹೋಯಿತು. ಆಮೇಲೆ ನಾನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದೆ. ಹೆಣ್ಣು ಮಗು ಹುಟ್ಟಿತು.

ಬಾಣಂತಿಯ ಕೋಣೆ ಬಚ್ಚಲಿಗೆ ಒತ್ತಿಕೊಂಡೇ ಇತ್ತು. ಬೆಳಿಗ್ಗೆ ಮೈಮೇಲೆ ಬಿಸಿನೀರು ಹೊಯ್ದು, ತಲೆಗೆ ಬಟ್ಟೆ ಸುತ್ತಿ, ಗಾಳಿ ತಾಕಬಾರದೆಂದು ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿ, ಬೀದಿಯ ಕಡೆಯ ಬಾಗಿಲನ್ನೂ ಮುಚ್ಚಿ ನನ್ನನ್ನೂ ಮಗುವನ್ನೂ ಮಲಗಿಸುತ್ತಿದ್ದರು. ಬಚ್ಚಲಿನ ಕಡೆಯ ಬಾಗಿಲಿಗೆ ಬರೀ ಒಂದು ಗೋಣಿಪರದೆ. ಹಾಗೆ ಮಲಗಿದ್ದಾಗಲೇ ಮೊದಲ ಸಲ ಅದನ್ನು ಕೇಳಿದ್ದು. ಉರಿ ತಗ್ಗಿದ ಮೇಲೆ ಹೊಗೆಗೂಡಿನ ಒಳಗಿನಿಂದ, ಯಾರೋ ಕಥೆ ಕೇಳುತ್ತಾ ಹೂಂಗುಟ್ಟುವಂತೆ, "ಹೂಂ."

ಅದು ನಮ್ಮಜ್ಜಿಯ ಹೂಂ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮವ್ವನಿಗೆ ತನ್ನ ಕಾಲ ಬರುವ ಹೊತ್ತಿಗೆ ಅತ್ತೆ ಮಾತೇ ಬಿಟ್ಟಿದ್ದರು. ಒಂದು ಜಾಡಿ ಉಪ್ಪಿನಕಾಯಿ ಬೂಷ್ಟು ಹಿಡಿದದ್ದಕ್ಕೆ ಹುಟ್ಟಿದ ಜಗಳ. ಅವ್ವ ಏನೋ ಒಂದು ಮಾತು ಎದುರಾಡಿದಳು, ಅಜ್ಜಿ ಅಂದಿನಿಂದ ಅವಳಿಗೆ ಹೂಂ ಬಿಟ್ಟರೆ ಬೇರೆ ಉತ್ತರ ಕೊಡಲಿಲ್ಲ. ಊಟಕ್ಕೆ ಬನ್ನಿ ಅಂದರೂ ಹೂಂ, ತಪ್ಪಾಯಿತು ಅಂದರೂ ಹೂಂ. ಸಾಯುವಾಗ ಬಾಯಿಗೆ ನೀರು ಬಿಟ್ಟವಳು ಅವ್ವನೇ. ಅದಕ್ಕೂ ಒಂದು ಹೂಂ ಅಂದು ಕಣ್ಣು ಮುಚ್ಚಿದರು. ಸತ್ತವರನ್ನು ಬಯ್ಯಬಾರದು. ಆದರೂ ಅಂಥ ಹಟ ನಾನು ಇನ್ನೊಬ್ಬರಲ್ಲಿ ಕಾಣಲಿಲ್ಲ.

ಪರದೆ ಸರಿಸಿ ನೋಡಿದೆ. ಅವ್ವ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಖ ಮೇಲೆತ್ತಿ ಮಾತಾಡುತ್ತಿದ್ದಳು. "ಮಗೀಗೆ ನಿಮ್ಮ ಮೂಗೇ ಬಂದದೆ ಕಣತ್ತೆಮ್ಮ." ಒಳಗಿನಿಂದ, ಹೂಂ. "ನನ್ ಮ್ಯಾಲೆ ಕ್ವಾಪ ಓಯ್ತಾ?" ಕೆಂಡ ಚಿಟಿಲ್ ಎಂದಿತು. ತುಸು ಹೊತ್ತಿನ ಮೇಲೆ, ಹೂಂ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವ್ವಾ, ಮುಳ್ಳು ಇಳ್ಸಿ ಎಷ್ಟು ಕಾಲ ಆಯ್ತು?" ಎಂದು ಕೇಳಿದೆ.

"ಸುಮ್ಕಿರು. ವರ್ಸ ತುಂಬ್ದೆ ಮಸಿ ಒಡೆಯಕ್ಕಿಲ್ಲ. ಈಗ್ ತಾನೆ ಮಾತಾಡ್ತಾವ್ರೆ, ಮುಳ್ಳಾಕಿ ಓಡ್ಸಾನಾ?"

ನನಗೆ ರೇಗಿತು. ಹಣ್ಣೆಲೆಯಂತಾಗಿದ್ದ ಅವಳ ಮುಖ ನೋಡಿ ರೇಗಿದ್ದನ್ನು ನುಂಗಿಕೊಂಡೆ. ದಿನವೂ ಆ ಮಾತುಕತೆ ನಡೆಯಿತು. ದಿನ ಹೋದಂತೆ ಹೂಂ ಸಣ್ಣಗಾಯಿತು, ಎಳೆದೆಳೆದು ಬರತೊಡಗಿತು, ಉಬ್ಬಸದವರ ಉಸಿರಿನಂತೆ. ಕೋಣೆಯ ಬಚ್ಚಲ ಕಡೆಯ ಗೋಡೆಯ ಮೇಲೆ ಕಪ್ಪು ನೀರು ಇಳಿದು ಹೆಪ್ಪುಗಟ್ಟುತ್ತಿತ್ತು. ಮಗು ಆ ಗೋಡೆಯನ್ನೇ ರೆಪ್ಪೆ ಬಡಿಯದೆ ನೋಡುತ್ತಿತ್ತು. ನಾನು ಅದರ ಮುಖ ತಿರುಗಿಸಿದರೆ ಮತ್ತೆ ಅತ್ತಲೇ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಹೂಂ ಕೇಳಲಿಲ್ಲ. "ಅತ್ತೆಮ್ಮ ಸಮಾದಾನ್ವಾಗಿ ಓದ್ರು ಕಣವ್ವ," ಎಂದಳು ಅವ್ವ. ಅವತ್ತು ಅವಳ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಹಂಡೆಗೆ ನೀರು ತುಂಬಿ, ಒಲೆಗೆ ಕೊರಡು ನೂಕಿ, ನನಗೆ ನೀರು ಹೊಯ್ದು ಮಲಗಿಸಿ, ಬಾಗಿಲು ಮುಚ್ಚಿ ಹಿತ್ತಲಿಗೆ ಹೋದಳು.

ಮೇಲೆ ದಾರಿ ಸಿಗದ ಹೊಗೆ ಪರದೆ ದಾಟಿ ಕೋಣೆಯೊಳಗೆ ತುಂಬತೊಡಗಿತು. ತಲೆ ಸಿಡಿಯಿತು, ಆಮೇಲೆ ಸಿಡಿತವೂ ನಿಂತು ಕೈಕಾಲು ನನ್ನವಲ್ಲ ಅನ್ನಿಸಿತು. ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಪರದೆ ಅಲುಗಿ ಅಜ್ಜಿ ಒಳಗೆ ಬಂದರು. ಮಗುವಿನ ತಲೆಯ ಹತ್ತಿರ ಕೂತರು. ಬಾಯಿ ತೆರೆದರು. ಬಾಯೊಳಗೆ ಹಲ್ಲಿಲ್ಲ, ನಾಲಗೆಯಿಲ್ಲ, ಗಂಟಲವರೆಗೂ ಮಸಿ ತುಂಬಿತ್ತು. ಏನೋ ಹೇಳಲು ಒದ್ದಾಡಿದರು, ಹೂಂ ಕೂಡ ಹೊರಡಲಿಲ್ಲ. ನನಗೆ ಹೆದರಿಕೆಗಿಂತ ಸಿಟ್ಟು ಬಂತು. ಬದುಕಿದ್ದಾಗ ಆಡದವರು ಈಗ ಏನು ಆಡುತ್ತೀರಿ ಎಂದು ಬಯ್ಯಬೇಕೆಂದುಕೊಂಡೆ, ನನ್ನ ಬಾಯೂ ಏಳಲಿಲ್ಲ. ಅವರು ಮಗುವನ್ನು ನೋಡಿದರು. ನಾನೂ ನೋಡಿದೆ. ಅದರ ಕತ್ತು ಒಂದು ಕಡೆಗೆ ವಾಲಿತ್ತು.

ಕಾಲ ಬಳಿ ತಂಬಿಗೆಯಿತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಒದ್ದೆ. ಅದು ಠಣಠಣ ಉರುಳಿ ಗೋಡೆಗೆ ಬಡಿಯಿತು. ಆ ಸದ್ದಿಗೆ ಅವ್ವ ಓಡಿಬಂದು ಬಾಗಿಲು ತಳ್ಳಿ ನಮ್ಮಿಬ್ಬರನ್ನೂ ಹೊರಗೆಳೆದಳು.

ಅಂಗಳದ ಬಿಸಿಲಿನಲ್ಲಿ ಅವ್ವ ಮಗುವನ್ನು ಬೋರಲು ಹಾಕಿಕೊಂಡು ಬೆನ್ನು ತಟ್ಟಿದಳು, ಕಿವಿಗೆ ಊದಿದಳು, ಹೆಸರಿಡದ ಮಗುವನ್ನು ಏನೆಂದು ಕೂಗುವುದು ತಿಳಿಯದೆ "ಅತ್ತೆಮ್ಮಾ, ಅತ್ತೆಮ್ಮಾ" ಎಂದೇ ಕೂಗಿದಳು. ಎಷ್ಟೋ ಹೊತ್ತಿನ ಮೇಲೆ ಮಗು ಬಿಕ್ಕಿ, ಕೆಮ್ಮಿ, ಅತ್ತಿತು. ನಾನು ಜಗಲಿಯ ಮೇಲೆ ವಾಂತಿ ಮಾಡಿಕೊಳ್ಳುತ್ತಾ ಆ ಅಳು ಕೇಳಿದೆ. ಹೊಗೆ ತಲೆಗೇರಿದರೆ ಇಲ್ಲದ್ದು ಕಾಣುತ್ತದೆ ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ಒಪ್ಪಿಕೊಂಡೆ, ಸುಮ್ಮನೆ ವಾದವೇಕೆ ಎಂದು.

ಸೀಗೆಮುಳ್ಳು ತರಲು ಅವ್ವ ಅವತ್ತೇ ಹೊರಟಳು. ಅಪ್ಪ ಹಿಂದೆಮುಂದೆ ನೋಡಿದರು. "ವರ್ಸ ತುಂಬ್ಲಿ ಕಣೆ. ನಮ್ಮವ್ವನ ಜೀವ ನೊಂದ್ಕಂಡದು."

"ನೊಂದ್ಕೊಳ್ಲಿ. ನನ್ ಸಮಾದಾನಕ್ಕೆ ಕೂಸಿನ ಉಸ್ರು ಕೊಡಾಕಾಯ್ತದಾ? ಮಾಡು ಅತ್ತಿ ನೀವು."

ಅಪ್ಪ ಮಾಡು ಹತ್ತಿ ಹಗ್ಗ ಬಿಟ್ಟರು. ಅವ್ವ ಒಲೆಯ ಬಾಯಲ್ಲಿ ಕೂತು ಎಳೆದಳು. ಮೊದಲು ಮುಳ್ಳು ಅಲುಗಲೇ ಇಲ್ಲ. ಆಮೇಲೆ ಮೂಟೆ ಕಳಚಿದಂತೆ ಮಸಿ ಬಿತ್ತು, ಡಾಂಬರಿನಂತೆ ಮಿಣಮಿಣ ಮಿಂಚುವ ಗಟ್ಟಿ ಮಸಿ. ಪ್ರತಿ ಎಳೆತಕ್ಕೂ ಅವ್ವ "ತಪ್ಪಾಯ್ತು ಅತ್ತೆಮ್ಮ" ಅನ್ನುತ್ತಿದ್ದಳು. ಕರೀ ಮುಖದ ಮೇಲೆ ಕಣ್ಣೀರು ಎರಡು ಬಿಳಿ ಗೆರೆ ಎಳೆದಿತ್ತು. ಸಂಜೆ ಮತ್ತೆ ಒಲೆ ಹೊತ್ತಿಸಿದಾಗ ಉರಿ ನೆಟ್ಟಗೆ ಮೇಲಕ್ಕೆ ಎದ್ದಿತು. ಅವ್ವ ಕೆಂಡ ಬೂದಿಯಾಗುವವರೆಗೂ ಕೂತಿದ್ದಳು. ಹೊಗೆಗೂಡು ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಹಬ್ಬವಿರಲಿ ಬಿಡಲಿ, ಪ್ರತಿ ಅಮಾವಾಸ್ಯೆಗೂ ಅವ್ವ ಮುಳ್ಳು ಇಳಿಸಿದಳು. ಮತ್ತೆ ಯಾವತ್ತೂ ಆ ಹೂಂ ಕೇಳಲಿಲ್ಲ. ಕೇಳಬೇಕೆಂಬ ಆಸೆ ಅವಳಿಗೆ ಹೋಗಿರಲಿಲ್ಲ, ಅದು ನನಗೆ ಗೊತ್ತು.

ಎಷ್ಟೋ ವರ್ಷದ ಮೇಲೆ ಅವ್ವ ತೀರಿಕೊಂಡಾಗ ನಾನು ಬೆಳೆದ ಮಗಳೊಂದಿಗೆ ಬಂದು ಅಲ್ಲೇ ಉಳಿದೆ. ಸಾವಿನ ಗಲಾಟೆಯಲ್ಲಿ ಒಂದು ಅಮಾವಾಸ್ಯೆ ತಪ್ಪಿತು, ಇನ್ನೊಂದೂ ತಪ್ಪಿತು. ಬಂದುಹೋಗುವವರಿಗೆಲ್ಲ ನೀರು ಕಾಯಬೇಕಾಗಿ ಒಲೆ ಆರಲೇ ಇಲ್ಲ. ಒಂದು ಸಂಜೆ ಹಂಡೆಯ ಮುಂದೆ ಕೂತಿದ್ದೆ, ಉರಿ ತಗ್ಗಿತ್ತು. ಒಳಗಿನಿಂದ ಬಂತು, "ಹೂಂ."

"ಅವ್ವಾ?" ಅಂದೆ.

"ಹೂಂ."

ಎದೆ ಒಡೆದು ಅಳು ಬಂತು. ಎಷ್ಟು ಮಾತಿತ್ತು ಅವಳ ಹತ್ತಿರ ಆಡಲಿಕ್ಕೆ. ಎಲ್ಲವನ್ನೂ ಆ ಸಂಜೆಯೇ ಆಡಿದೆ.

ಬೆಳಿಗ್ಗೆ ಎದ್ದು ಸೀಗೆಮುಳ್ಳು ಕಟ್ಟಿದೆ. ವರ್ಷ ತುಂಬದೆ ಇದೇನು ಎಂದು ಮನೆಯಲ್ಲಿದ್ದ ನೆಂಟರು ಬಾಯಿ ಮಾಡಿದರು. ನಾನು ಏಣಿ ಇಟ್ಟು ಮಾಡು ಹತ್ತಿದೆ. ಕೆಳಗೆ ಒಲೆಯ ಬಾಯಲ್ಲಿ ನನ್ನ ಮಗಳು ಹಗ್ಗ ಹಿಡಿದು ಕೂತಿದ್ದಳು.

"ಎಳಿ ಕಣವ್ವ," ಅಂದೆ. ಅವಳು ಎಳೆದಳು.