ಗಂಟಲಲ್ಲಿ ನೀರು ಇಳಿಯುತ್ತಾ?

ಇವತ್ತು ನಮ್ಮ ಬಡಾವಣೆ ಗೋಪಾಳದಲ್ಲಿ ವಾಕಿಂಗ್ ಹೊರಟಾಗ ನಮ್ಮ ನಾಯಿಮರಿ ಬೆಲ್ಟನ್ನೇ ಕಚ್ಚಿ ಜಗ್ಗಿತು. ಬಿಡಿಸಲು ಹೋದ ನನ್ನ ಬೆರಳಿಗೆ ಹಲ್ಲು ತಾಗಿತು. ರಕ್ತದ ಹನಿ ಕಂಡದ್ದೇ ತಡ, ನಾನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹುಡುಗನಾಗಿಬಿಟ್ಟೆ.

ಅಲ್ಲಿ ಆಗಿದ್ದ ನಮ್ಮ ಮರಿಗೆ ಬೆಲ್ಟಿನ ಬದಲು ಸೆಣಬಿನ ಹಗ್ಗ. "ಕಚ್ಚಿದ್ರೆ ಎಳೀಬೇಡ ಮಾರಾಯ, ಅದಕ್ಕೆ ಆಟ ಆಗುತ್ತೆ. ಸುಮ್ನೆ ನಿಂತ್ಕೋ, ತಾನೇ ಬಿಡುತ್ತೆ," ಎನ್ನುತ್ತಿದ್ದರು ಅಪ್ಪ. ಒಂದು ದಿನ ನಾನು ಎಳೆದೆ, ಕಚ್ಚಿಸಿಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್!

ನಾಯಿಯಿಂದ ಕಚ್ಚಿಸಿಕೊಂಡವರು ನೀರು ಕಂಡರೆ ಹೆದರಿ ಸಾಯುತ್ತಾರೆಂದು ಅಜ್ಜಿ ಪಕ್ಕದ ಮನೆಯವರಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಅದಕ್ಕೇ ಕದ್ದು ಕದ್ದು ನೀರು ಕುಡಿದು ನೋಡುತ್ತಿದ್ದೆ. ಶಿಫ್ಟ್ ಮುಗಿಸಿ ಬಂದ ಅಪ್ಪ ಚೊಂಬೆತ್ತಿ ಗಟಗಟನೆ ಕುಡಿಯುವಾಗ ಹೊಟ್ಟೆಕಿಚ್ಚಾಗುತ್ತಿತ್ತು. ನನಗೆ ಹೆದರಿಕೆಗೇ ಗಂಟಲು ಕಟ್ಟುತ್ತಿತ್ತು. ಕಟ್ಟಿತಲ್ಲ ಎಂದು ಇನ್ನಷ್ಟು ಹೆದರಿಕೆ. "ಏನೋ ಇದು, ಕೊಡಪಾನ ಖಾಲಿ ಮಾಡಿದೀಯಲ್ಲೋ!" ಎಂದು ಅಜ್ಜಿ ಬೈದ ದಿನವೇ ನನಗೆ ಜೀವ ಬಂದದ್ದು.

ಇವತ್ತು ಸೋಪು ಹಾಕಿ ತೊಳೆದುಕೊಂಡು ನೇರ ಡಾಕ್ಟರ ಹತ್ತಿರ ಹೋದೆ. "ಈಗ ಹೊಕ್ಕುಳಿಗೆಲ್ಲ ಕೊಡಲ್ಲ ಸಾರ್, ತೋಳಿಗೆ," ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು, ಹೆಂಡತಿ ಅತ್ತ ತಿರುಗಿದ ಮೇಲೆ, ಒಂದು ಲೋಟ ನೀರು ಕುಡಿದು ನೋಡಿದೆ.