ಕುದಿನೀರಲ್ಲಿ ಬೆಂದ ಜೊಂಡು

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಒಂದು ಚಳಿಗಾಲ, ನಮ್ಮ ಮನೆಯಲ್ಲಿ ಹಾಲಿನ ಡಬ್ಬಕ್ಕೂ ಸ್ನಾನವಾಗುತ್ತಿತ್ತು. ಬಾಳೆಹಣ್ಣಿಗೂ ಆಗುತ್ತಿತ್ತು. ಅಂಗಡಿಯಿಂದ ಏನೇ ಬರಲಿ, ಅಪ್ಪ ಕೈಗವಸು ಹಾಕಿಕೊಂಡು, ಬಾಗಿಲ ಹೊರಗಿಟ್ಟ ಬಕೆಟ್ಟಿನಲ್ಲಿ ಸೋಪುನೀರು ಮಾಡಿ, ಒಂದೊಂದನ್ನೇ ತೊಳೆದು ಒಳಗೆ ಕಳಿಸುತ್ತಿದ್ದರು. ಅದು ಕೊರೊನಾ ಕಾಲ. ನಾವು ಇದೇ ಐರ್ಲೆಂಡಿನ ಲೂಕನ್‌ನಲ್ಲಿದ್ದೆವು. ಅಪ್ಪನ ಆಫೀಸಿನ ಗೆಳೆಯರೊಬ್ಬರು ಆಸ್ಪತ್ರೆಗೆ ಹೋದವರು ಮನೆಗೆ ಬರಲೇ ಇಲ್ಲ. ಆಮೇಲೆ ಅಪ್ಪನ ಮಾತು ಕಡಿಮೆಯಾಯಿತು, ತೊಳೆಯುವುದು ಹೆಚ್ಚಾಯಿತು.

ನನಗೆ ಆಗ ಎಂಟು ವರ್ಷ. ಶಾಲೆ ಮುಚ್ಚಿತ್ತು. ಟೀಚರೂ ಗೆಳೆಯರೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಮುಖಗಳಾಗಿದ್ದರು. ಅವರಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ಮುಖವನ್ನು. ಅವಳು ಟ್ರಾವೆಲರ್ ಜನದವಳು. ಅವರು ಐರ್ಲೆಂಡಿನವರೇ, ಬಹಳ ಹಳೆಯ ಅಲೆಮಾರಿ ಜನ. ಹಿಂದೆ ಕುದುರೆಗಾಡಿಗಳಲ್ಲಿ ಊರೂರು ತಿರುಗಿ, ತಗಡಿನ ಪಾತ್ರೆ ಮಾಡಿ ಬದುಕಿದವರು. ಅವರಿಗೆ ಅವರದೇ ಒಂದು ಭಾಷೆಯೂ ಇದೆ.

ಗೆಳತಿಯ ಅಜ್ಜಿ ಪ್ರತಿ ವರ್ಷ ಜನವರಿಯ ಕೊನೆಗೆ ನಮ್ಮ ಶಾಲೆಗೆ ಬರುತ್ತಿದ್ದರು. ಈ ನಾಡಿನಲ್ಲಿ ಫೆಬ್ರವರಿ ಒಂದಕ್ಕೆ ವಸಂತ ಶುರು. ಹೊರಗೆ ಕಿವಿ ಕತ್ತರಿಸುವ ಗಾಳಿ ಬೀಸುತ್ತಿದ್ದರೂ ಲೆಕ್ಕ ಹಾಗೆಯೇ. ಹಿಂದಿನ ದಿನ ಜೊಂಡುಹುಲ್ಲು ಕಿತ್ತು ತಂದು, ನಾಲ್ಕು ತೋಳಿನ ಶಿಲುಬೆ ಹೆಣೆದು, ಮನೆಗೆ ಕೇಡು ಬಾರದಿರಲೆಂದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಅಜ್ಜಿ ತರಗತಿಯ ನೆಲದ ಮೇಲೆ ಕೂತು ಹೆಣಿಗೆ ಕಲಿಸುತ್ತಿದ್ದರು. ಎಲೆ ಬರುವ ಮೊದಲೇ ಹೂ ಬಿಡುವ ಮುಳ್ಳುಗಿಡ ಯಾವುದು, ಯಾವ ಹಕ್ಕಿ ಕೂಗಿದ ಮೇಲೂ ಚಳಿಯನ್ನು ನಂಬಬಾರದು, ಎಲ್ಲ ಹೇಳುತ್ತಿದ್ದರು. ನಮ್ಮ ಹೆಡ್ ಟೀಚರೂ ಬಂದು ನಮ್ಮ ನಡುವೆ ನೆಲದಲ್ಲೇ ಕೂರುತ್ತಿದ್ದರು.

ಆ ವರ್ಷ ಶಾಲೆ ಇಲ್ಲದ್ದರಿಂದ ಅಜ್ಜಿ ಬೇರೆ ದಾರಿ ಹುಡುಕಿದರು. ಜನವರಿ ಮೂವತ್ತೊಂದು, ಭಾನುವಾರ ಬೆಳಿಗ್ಗೆ ತಾವೇ ಜೊಂಡು ಕಿತ್ತು, ಕಂತೆ ಕಟ್ಟಿ, ಮೊಮ್ಮಗಳೊಂದಿಗೆ ನಡೆದುಕೊಂಡು ಬಂದು, ನಮ್ಮ ತರಗತಿಯ ಪ್ರತಿ ಮಗುವಿನ ಮನೆಯ ಮುಂದಿನ ಮೋಟುಗೋಡೆಯ ಮೇಲೆ ಒಂದೊಂದು ಕಂತೆ ಇಟ್ಟರು. ಮರುದಿನ ಎಲ್ಲರೂ ಪರದೆಯ ಮುಂದೆ ಕೂತು ಒಟ್ಟಿಗೆ ಹೆಣೆಯಬೇಕೆಂದು ಟೀಚರು ಹೇಳಿದ್ದರು. ನಾನು ಕಿಟಕಿಯಿಂದ ಕೈ ಬೀಸಿದೆ. ಗೆಳತಿಯೂ ಬೀಸಿದಳು.

ಅಪ್ಪ ಕಂತೆಯನ್ನು ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದರು. ಅದರ ಮೇಲೆ ಕೆಟಲಿನ ಕುದಿನೀರು ಸುರಿದರು. ಸೋಪು ಹಾಕಿ, ಹಳೆಯ ಬ್ರಷ್ಷಿನಿಂದ ಉಜ್ಜತೊಡಗಿದರು. ನಮ್ಮದು ಮುಂದೆ ದಾರಿಯಿಲ್ಲದ ರಸ್ತೆ. ಕೊನೆಯ ಮನೆಗೆ ಕಂತೆ ಇಟ್ಟು, ಅಜ್ಜಿ ಮತ್ತು ಗೆಳತಿ ಅದೇ ದಾರಿಯಲ್ಲಿ ವಾಪಸ್ ಬಂದರು.

ಅಜ್ಜಿ ನಿಂತರು. ಬಕೆಟ್ಟನ್ನು ನೋಡಿದರು, ಬ್ರಷ್ಷನ್ನು ನೋಡಿದರು. ಮೆತ್ತಗಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: "ನಮ್ಮ ಕೈ ಶುಚಿಯಾಗೇ ಇತ್ತು, ಸ್ವಾಮಿ." ಗೆಳತಿ ನನ್ನ ಕಿಟಕಿಯತ್ತ ನೋಡಿ, ಉಣ್ಣೆಯ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಇಬ್ಬರೂ ಹೊರಟುಹೋದರು. ಇನ್ನು ಅವಳು ನನ್ನ ಪಕ್ಕ ಕೂರುವುದಿಲ್ಲ, ಅಜ್ಜಿ ನಮ್ಮ ಶಾಲೆಗೆ ಬರುವುದಿಲ್ಲ ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಯಾಕೆಂದು ಮಾತ್ರ ಗೊತ್ತಾಗಲಿಲ್ಲ.

ಗೊತ್ತಿದ್ದದ್ದು ಹದಿನಾಲ್ಕು ವರ್ಷದ ಅಕ್ಕನಿಗೆ.

"ಅಪ್ಪಾ, ಅವರು ಮುಟ್ಟಿದ್ದಕ್ಕೇ ತೊಳೀತಿದ್ದೀರ ಅಂದ್ಕೊಂಡ್ರು. ಅವರ ಜನಕ್ಕೆ ಇಲ್ಲಿ ಹಾಗೆ ಮಾಡ್ತಾರೆ. ಎಷ್ಟೋ ಅಂಗಡೀಲಿ ಚಿಲ್ಲರೆನೂ ಕೈಗೆ ಕೊಡಲ್ವಂತೆ, ಕೌಂಟರ್ ಮೇಲೆ ಇಡ್ತಾರಂತೆ."

"ನಾನು ಎಲ್ಲಾನೂ ತೊಳೀತೀನಲ್ಲೇ. ಹಾಲೂ ತೊಳೀತೀನಿ."

"ಅದು ಅವರಿಗೆ ಹೇಗೆ ಗೊತ್ತಾಗ್ಬೇಕು?"

ಅಪ್ಪ ಬ್ರಷ್ಷನ್ನು ಬಕೆಟ್ಟಿನೊಳಗೆ ಬಿಟ್ಟರು. ಆಮೇಲೆ, ನಮಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ, ಹೀಗೆಂದರು: "ಮೈಸೂರಲ್ಲಿ ನಮ್ಮಜ್ಜಿ ಮನೆಗೆ ಮೊರ ಹೆಣೆದು ಮಾರೋರು ಬರ್ತಿದ್ರು. ಅವರು ಇಟ್ಟುಹೋದ ಮೊರದ ಮೇಲೆ ನೀರು ಚಿಮುಕಿಸಿಯೇ ಅಜ್ಜಿ ಒಳಗೆ ತಗೋತಿದ್ದದ್ದು. ಚೊಂಬು ಹಿಡ್ಕೊಂಡು ನಿಂತಿರ್ತಿದ್ದೋನು ನಾನೇ." ಎದ್ದು ಮಾಸ್ಕ್ ಹಾಕಿಕೊಂಡರು. "ಬಾರೋ, ಹೋಗೋಣ."

ಬಸ್‌ಸ್ಟಾಪಿನ ಹತ್ತಿರ ಅವರು ಸಿಕ್ಕರು. ಅಪ್ಪ ದೂರದಲ್ಲೇ ನಿಂತು ಕರೆದರು. "ಮೇಡಂ, ಒಂದು ನಿಮಿಷ."

ಅಜ್ಜಿ ತಿರುಗಿದರು. "ಇದುವರೆಗೆ ನನ್ನನ್ನ ಮೇಡಂ ಅಂದೋರು ಪೊಲೀಸರು ಮಾತ್ರ. ಅದೂ ಜಾಗ ಖಾಲಿ ಮಾಡಿ ಅನ್ನೋಕೆ. ನಿಮಗೇನು ಬೇಕು?"

"ಕಾಯಿಲೆ ಭಯಕ್ಕೆ ತೊಳೆದೆ. ನೀವು ಅಂತ ಅಲ್ಲ. ಆದ್ರೆ ನಮ್ಮ ಊರಲ್ಲಿ, ನಮ್ಮ ಮನೇಲೇ, ನೀವು ಅಂದ್ಕೊಂಡ ಕಾರಣಕ್ಕೂ ತೊಳೀತಿದ್ರು. ಅದಕ್ಕೇ ನಿಮಗೆ ಹೇಗೆ ಕಾಣತ್ತೆ ಅಂತ ನನಗೆ ಹೊಳೀಬೇಕಿತ್ತು. ತಪ್ಪು ನಂದು."

ಖಾಲಿ ಬಸ್ಸೊಂದು ಬಂತು, ಯಾರೂ ಹತ್ತಲಿಲ್ಲ, ಹೋಯಿತು.

"ಬಿಸಿನೀರು ಹಾಕಿದ್ರಾ?" ಅಜ್ಜಿ ಕೇಳಿದರು.

"ಕುದಿನೀರು."

"ಪುಣ್ಯಾತ್ಮ, ಬೆಂದುಹೋಗಿರತ್ತೆ. ಈಗ ಅದನ್ನ ಬಡಿಸ್ಕೊಂಡು ತಿನ್ನಬಹುದು, ಹೆಣೆಯೋಕಾಗಲ್ಲ." ಆಕಾಶ ನೋಡಿದರು. "ಇವತ್ತು ಕಿತ್ತಿದ್ದೇ ಆಗಬೇಕು. ಇನ್ನೂ ಬೆಳಕಿದೆ. ಹಿಂದೆ ಬನ್ನಿ. ದೂರದಲ್ಲಿ."

ಅವರು ಮುಂದೆ, ನಾವು ಹತ್ತು ಹೆಜ್ಜೆ ಹಿಂದೆ. ಹೊಳೆಯ ಬದಿಯ ಜೌಗು ನೆಲಕ್ಕೆ ಬಂದೆವು. ಕೊಳೆತ ಎಲೆಯ, ತಣ್ಣನೆಯ ಕೆಸರಿನ ವಾಸನೆ. ಸೊಂಟದೆತ್ತರದ ಹಸಿರು ಜೊಂಡು ಗಾಳಿಗೆ ಸರಸರ ಎನ್ನುತ್ತಿತ್ತು. ಅಪ್ಪ ಕೀಗೊಂಚಲಿನ ಪುಟ್ಟ ಚಾಕು ಬಿಚ್ಚಿದರು.

"ಕೊಯ್ಯಬಾರದು, ಕೀಳಬೇಕು," ಎಂದರು ಅಜ್ಜಿ. "ಚಾಕು ಎದುರಿಗಿದ್ದದ್ದನ್ನೆಲ್ಲ ಕೊಯ್ಯತ್ತೆ. ಕೈ ಬೇಕಾದಷ್ಟೇ ಕೀಳತ್ತೆ."

ಅಪ್ಪ ಒಂದು ಜೊಂಡು ಹಿಡಿದು ಎಳೆದರು. ಕೈಗವಸು ಜಾರಿತು. ಮತ್ತೆ ಎಳೆದರು, ಮತ್ತೆ ಜಾರಿತು. ಅಪ್ಪ ಕೈಗವಸುಗಳನ್ನು ಬಿಚ್ಚಿ ಜೇಬಿಗೆ ತುರುಕಿದರು. ಎಷ್ಟೋ ತಿಂಗಳ ಮೇಲೆ ಹೊರಗಿನ ವಸ್ತುವೊಂದನ್ನು ಅಪ್ಪ ಬರಿಗೈಯಲ್ಲಿ ಮುಟ್ಟಿದ್ದನ್ನು ನಾನು ನೋಡಿದೆ. ಬುಡದವರೆಗೆ ಕೈಯಿಳಿಸಿ, ಬಲವಾಗಿ ಜಗ್ಗಿ, ಜೊಂಡಿನ ಸಮೇತ ಕೆಸರಿನಲ್ಲಿ ಕೂತುಬಿಟ್ಟರು.

ಮೊದಲು ನಕ್ಕವಳು ನನ್ನ ಗೆಳತಿ. ಟೋಪಿ ಮೇಲೆ ಸರಿಸಿ, "ನಿಮ್ಮಪ್ಪನ್ನ ಈಗ ಯಾವ ಬಕೆಟ್ಟಲ್ಲಿ ತೊಳೀತೀರೋ?" ಎಂದಳು.

"ಇವರು ಕಂಪ್ಯೂಟರ್ ಕೈಯೋರು," ಎಂದರು ಅಜ್ಜಿ. "ಇರಲಿ, ಗ್ರ್ಯಾಂಡ್ ಆಗಿದೆ. ಇನ್ನು ಹನ್ನೊಂದು ಕೀಳಿ." ತಾವು ಬಗ್ಗಿ, ಹೂ ಬಿಡಿಸುವಷ್ಟು ಸಲೀಸಾಗಿ ಒಂದನ್ನು ಕಿತ್ತು ತೋರಿಸಿದರು. ಬೆಳಿಗ್ಗೆ ಇಡೀ ತರಗತಿಗೆ ಕಿತ್ತು ಕಿತ್ತು ಅವರ ಬೆರಳಿನ ಗೆಣ್ಣುಗಳು ಕೆಂಪಾಗಿ ಬಿರಿದಿದ್ದವು. ಆ ಕೈಗಳನ್ನು ನಾನು ಈಗಲೂ ಕಣ್ಣುಮುಚ್ಚಿ ಬಿಡಿಸಬಲ್ಲೆ.

ಮನೆಗೆ ಬಂದು ಅಪ್ಪ ಜೊಂಡನ್ನು ಕೆಸರಿನ ಸಮೇತ ಊಟದ ಮೇಜಿನ ಮೇಲಿಟ್ಟರು. ತೊಳೆಯಲಿಲ್ಲ. ಅಪ್ಪನ ಭಯ ಹೋಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಎರಡು ಸಲ ಎದ್ದು ಮೇಜಿನವರೆಗೆ ಹೋಗಿ ವಾಪಸ್ ಬಂದು ಕೂತರು. ಅಷ್ಟು ಹೆದರಿಯೂ ತೊಳೆಯದೆ ಇದ್ದರಲ್ಲ, ಅದಕ್ಕೆ ಅಪ್ಪನನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಮರುದಿನ ಪರದೆಯ ತುಂಬ ಶಿಲುಬೆಗಳು ಮೇಲೆದ್ದವು. ನನ್ನದು ಸೊಟ್ಟಗಿದೆಯೆಂದು ಗೆಳತಿ ಎಲ್ಲರ ಮುಂದೆ ಹೇಳಿದಳು. ಮುಂದಿನ ವರ್ಷ ಶಾಲೆ ತೆರೆದಿತ್ತು. ಅಜ್ಜಿ ಬಂದು ನೆಲದ ಮೇಲೆ ಕೂತರು, ಗೆಳತಿ ನನ್ನ ಪಕ್ಕ ಕೂತಳು.

ಮಕ್ಕಳೇ, ನಿಮಗೆ ಎರಡು ಮೀಟರ್ ದೂರದಲ್ಲಿ ನಿಂತು ಆಡಿ ಗೊತ್ತಿಲ್ಲ. ಮೊನ್ನೆ ನಿಮ್ಮ ಮೈದಾನದ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಆಟ ಮುಗಿದ ಮೇಲೆ ನೀವು ಏಳು ಮಂದಿ ಒಂದೇ ಬಾಟಲಿಯಿಂದ ನೀರು ಕುಡಿದಿರಿ. ಒಬ್ಬಳು ಟ್ರಾವೆಲರ್ ಹುಡುಗಿ, ಒಬ್ಬ ನೈಜೀರಿಯಾದವನು, ನಮ್ಮ ಮನೆಯ ನೀವಿಬ್ಬರು, ಉಳಿದವರು ಯಾರೋ. ಬಾಟಲಿ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಯಿತು. ಯಾರೂ ಅದರ ಬಾಯಿ ಒರೆಸಲಿಲ್ಲ. ನಾನು ಒರೆಸಬೇಕೇನೋ ಎಂದು ಒಂದು ಗಳಿಗೆ ಎದ್ದು ನಿಂತಿದ್ದೆ. ಆಮೇಲೆ ಸುಮ್ಮನೆ ಕೂತೆ.